ಯಾರೂ ಕೈಯಾಡಿಸತಕ್ಕದ್ದಲ್ಲ

ಉಳಿಸಬೇಕು ಎಂಬ ಮಾತು ಯಾರ ಬಾಯಲ್ಲಿ ಬಂದರೂ ನನಗೆ ಈಗೀಗ ಎದೆ ಧಸಕ್ಕೆನ್ನುತ್ತದೆ. ಮರ ಉಳಿಸೋಣ, ಹೊಳೆ ಉಳಿಸೋಣ, ಭಾಷೆ ಉಳಿಸೋಣ ಎಂದು ಯಾರಾದರೂ ಮೈಕ್ ಹಿಡಿದರೆ ಸಾಕು, ಆ ಮರದ್ದೋ ಹೊಳೆಯದ್ದೋ ಗ್ರಹಚಾರ ಕೆಟ್ಟಿತು ಎಂದೇ ನಾನು ತಿಳಿಯುತ್ತೇನೆ. ಸುಮ್ಮನೆ ಬಿಟ್ಟದ್ದು ಹೇಗೋ ಬದುಕಿಕೊಳ್ಳುತ್ತದೆ, ಉಳಿಸಲು ಹೊರಟದ್ದು ಮಾತ್ರ ಉಳಿಯುವುದಿಲ್ಲ. ನಮ್ಮ ಮನೆಯನ್ನೇ ನೋಡಿ. ನನ್ನ ಹೆಂಡತಿ ಜಲಜಾಕ್ಷಿ ತನ್ನ ಮದುವೆಯ ಸೀರೆಯನ್ನು ಉಳಿಸಬೇಕೆಂದು ಬಿಳಿ ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಕಪಾಟಿನ ತಳದಲ್ಲಿ ಮಲಗಿಸಿದ್ದಳು. ಮೊನ್ನೆ ತೆಗೆದರೆ ಮಡಿಕೆ ಮಡಿಕೆಯಲ್ಲೂ ಬಿರಿದು ಕೈಗೆ ಬಂತು. ಅದೇ ಕಾಲದ ಹತ್ತಿ ಸೀರೆ, ದಿನಾ ಉಟ್ಟು ಕಲ್ಲಿಗೆ ಬಡಿದು ಒಗೆದದ್ದು, ಇವತ್ತಿಗೂ ನಮ್ಮ ಅಡುಗೆಮನೆಯ ನೆಲ ಒರೆಸುತ್ತಿದೆ. ನಾನು ಕನ್ನಡ ಮಾಸ್ತರಿಕೆಯಿಂದ ನಿವೃತ್ತನಾದ ದಿನ ಶಾಲೆಯವರು ಒಂದು ಒಳ್ಳೆಯ ಪೆನ್ನು ಕೊಟ್ಟರು. ಬರೆದರೆ ಸವೆದೀತು ಎಂದು ಪೆಟ್ಟಿಗೆಯಲ್ಲೇ ಇಟ್ಟೆ. ಶಾಯಿ ಒಣಗಿ, ನಿಬ್ಬು ತುಕ್ಕು ಹಿಡಿದು, ಅದು ಬರೆಯದೆಯೇ ಸತ್ತಿತು. ಇದನ್ನು ನಾನು ಬರೆಯುತ್ತಿರುವುದು ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಪೆನ್ನಿನಲ್ಲಿ.

ಇಷ್ಟೆಲ್ಲ ಕಣ್ಣಾರೆ ಕಂಡವನು ಒಂದು ಕಟ್ಟಡ ಉಳಿಸಲು ಹೋಗಬಾರದಿತ್ತು. ಹೋದೆ. ಅದರ ಕಥೆಯನ್ನೇ ನಿಮ್ಮ ಮುಂದೆ ತೋಡಿಕೊಳ್ಳುತ್ತಿದ್ದೇನೆ.

ನಮ್ಮ ಊರು ಹೆಮ್ಮಾಡಿಯಿಂದ ಗಂಗೊಳ್ಳಿಗೆ ಹೋಗುವ ಬಸ್ಸಿನ ದಾರಿಯಲ್ಲಿ, ಹೊಳೆಯ ಬದಿಗೆ ಇದೆ. ಸೇತುವೆ ಆಗುವ ಮೊದಲು ಆಚೆ ದಡಕ್ಕೆ ದೋಣಿಯಲ್ಲೇ ಹೋಗಬೇಕಿತ್ತು. ದೋಣಿ ಹತ್ತಿ ಇಳಿಯುವ ಜಾಗಕ್ಕೆ ನಮ್ಮಲ್ಲಿ ಕಡವು ಎನ್ನುತ್ತಾರೆ. ದೋಣಿಗೆ ಕಾಯುವವರು ಮಳೆಯಲ್ಲಿ ನೆನೆಯಬಾರದೆಂದು ಯಾರೋ ಪುಣ್ಯಾತ್ಮರು ಅಲ್ಲೊಂದು ಕಟ್ಟಡ ಕಟ್ಟಿಸಿದ್ದರು. ಮುರಕಲ್ಲಿನ ಗೋಡೆ, ಮೇಲೆ ಹಂಚಿನ ಮಾಡು, ಮುಂದೆ ಉದ್ದಕ್ಕೆ ಒಂದು ಜಗಲಿ. ಸೇತುವೆ ಬಂದು ದೋಣಿ ಹೋದ ಮೇಲೆ ಊರವರು ಅದರೊಳಗೆ ಒಂದು ಮೇಜು, ಎರಡು ಬೆಂಚು ಹಾಕಿ, ದಿನಪತ್ರಿಕೆ ತರಿಸಿ, ವಾಚನಾಲಯ ಎಂದು ಹೆಸರಿಟ್ಟರು. ಅಲ್ಲಿ ದಿನಾ ಓದುವವನು ನಾನೊಬ್ಬನೇ. ಉಳಿದವರು ಬೆಂಚಿನ ಮೇಲೆ ಮಲಗುತ್ತಿದ್ದರು, ಮುಖಕ್ಕೆ ಪತ್ರಿಕೆಯನ್ನು ಮುಚ್ಚಿಕೊಳ್ಳುತ್ತಿದ್ದುದರಿಂದ ಅದೂ ಒಂದು ಬಗೆಯ ಓದೇ ಇರಬಹುದು.

ನಿವೃತ್ತಿಯಾದ ಗಂಡಸಿಗೆ ಬೆಳಗ್ಗಿನ ಹೊತ್ತು ಕೂರಲು ಒಂದು ಜಾಗ ಬೇಕು ಎಂಬುದು ಕೆಲಸದಲ್ಲಿರುವವರಿಗೆ ತಿಳಿಯುವುದಿಲ್ಲ. ನಾನು ಮನೆಯಲ್ಲಿ ಕುರ್ಚಿಯ ಮೇಲೆ ಕೂತರೆ ಜಲಜಾಕ್ಷಿ ಆ ಕುರ್ಚಿಯ ಕೆಳಗೇ ಗುಡಿಸಬೇಕು. ಎದ್ದು ಅಡುಗೆಮನೆಗೆ ಹೋದರೆ ಅಲ್ಲಿ ಒಗ್ಗರಣೆಗೆ ಅಡ್ಡ ನಿಂತಿರುತ್ತೇನೆ. "ಹ್ವಾಯ್, ನಿಮ್ಗೆ ಪೇಪರ್ ಓದೂಕೆ ಹೋಪುಕಿಲ್ಯಾ ಇವತ್ತ್?" ಎಂದು ಅವಳು ಕೇಳುವುದಕ್ಕೂ ನಾನು ಚಪ್ಪಲಿ ಮೆಟ್ಟುವುದಕ್ಕೂ ಸರಿಹೋಗುತ್ತಿತ್ತು. ಕಡವಿನ ಕಟ್ಟಡದ ಜಗಲಿಯ ಮೂಲೆಯಲ್ಲಿ, ಹೊಳೆಯ ಗಾಳಿ ನೇರವಾಗಿ ಬಡಿಯುವ ಕಡೆ ಬೆನ್ನು ತಾಗಿಸಿ ಕೂರಲು ಒಂದು ಕಂಬವಿತ್ತು. ಆ ಕಂಬಕ್ಕೆ ನನ್ನ ಬೆನ್ನಿನ ಆಕಾರ ಬಂದಿತ್ತು, ಅಥವಾ ನನ್ನ ಬೆನ್ನಿಗೆ ಆ ಕಂಬದ ಆಕಾರ. ಅಷ್ಟೇ ನನ್ನ ಆಸ್ತಿ. ಅಲ್ಲೇ ಇನ್ನೊಂದು ಮೂಲೆಯಲ್ಲಿ ಗಂಗೊಳ್ಳಿಯಿಂದ ಮೀನು ತರುವ ಗುಲಾಬಕ್ಕ ಬುಟ್ಟಿ ಇಳಿಸಿ, ತಲೆಯ ಸಿಂಬೆ ತೆಗೆದು, ಒಂದು ಎಲೆ ಅಡಿಕೆ ಮುಗಿಸಿಕೊಂಡು ಮುಂದಿನ ಮನೆಗಳಿಗೆ ಹೋಗುತ್ತಿದ್ದಳು. ನಾನು ಅವಳಿಗೆ ಪತ್ರಿಕೆಯ ಸುದ್ದಿ ಹೇಳುವುದು, ಅವಳು ನನಗೆ ನಿಜವಾದ ಸುದ್ದಿ ಹೇಳುವುದು. ಹೀಗೆ ನಡೆದುಕೊಂಡು ಬಂದಿತ್ತು.

ಆಗ ಮುಂಬೈಯ ಸಂಜೀವಣ್ಣ ಊರಿಗೆ ಬಂದರು. ಮುಂಬೈಯಲ್ಲಿ ಹೋಟೆಲು ನಡೆಸುವವರು, ನಮ್ಮೂರಿನ ದೊಡ್ಡ ಜನ, ಒಳ್ಳೆಯವರು. ನಮ್ಮ ಕಡೆ ಒಂದು ಪದ್ಧತಿಯುಂಟು. ಊರು ಬಿಟ್ಟು ಹೋಗಿ ನಾಲ್ಕು ಕಾಸು ಮಾಡಿದವರು ತಂದೆಯೋ ತಾಯಿಯೋ ತೀರಿಕೊಂಡ ಮೇಲೆ ಅವರ ಸ್ಮರಣಾರ್ಥ ಊರಿನಲ್ಲೊಂದು ಬಸ್ಸು ನಿಲ್ದಾಣ ಕಟ್ಟಿಸುತ್ತಾರೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ರಸ್ತೆ ಬದಿಯಲ್ಲಿ ನೋಡುತ್ತಾ ಹೋಗಿ, ಯಾರದಾದರೂ ಅಪ್ಪನ ಹೆಸರಿನ ಕೆಳಗಲ್ಲದೆ ನೀವು ಬಸ್ಸಿಗೆ ಕಾಯುವ ಹಾಗೇ ಇಲ್ಲ. ಸಂಜೀವಣ್ಣನವರು ತಮ್ಮ ತಂದೆಯವರಿಗಾಗಿ ಕಡವಿನ ಕಟ್ಟಡವನ್ನು ಕೆಡವಿ ಅಲ್ಲೊಂದು ಕಾಂಕ್ರೀಟಿನ ನಿಲ್ದಾಣ ಮಾಡಿಸುವವರಿದ್ದರು. ನನ್ನ ಕಂಬ ಹೋಯಿತು ಎನಿಸಿ ನಾನು ಅವರ ಮನೆಗೆ ಓಡಿದೆ. ಪರಂಪರೆ ಎಂದೆ, ಇತಿಹಾಸ ಎಂದೆ, ನಿಮ್ಮ ತಂದೆಯವರೇ ಆ ಜಗಲಿಯಲ್ಲಿ ದೋಣಿಗೆ ಕಾದು ಕೂತವರಲ್ಲವೇ ಎಂದು ಗಂಟಲು ಗದ್ಗದ ಮಾಡಿಕೊಂಡು ಕೇಳಿದೆ. ಕಂಬದ ವಿಚಾರ ಎತ್ತಲಿಲ್ಲ. ಸಂಜೀವಣ್ಣನವರ ಕಣ್ಣಲ್ಲಿ ನೀರು ಬಂತು. "ಅರೆ ಮಾಷ್ಟ್ರೇ, ಸಮಾ ಹೇಳಿರಿ. ಒಡುದ್ ಬ್ಯಾಡ. ಉಳ್ಸುವ. ಒಂದ್ ಕಮಿಟಿ ಮಾಡುವ. ನಾ ಅಧ್ಯಕ್ಷ, ನೀವ್ ಕಾರ್ಯದರ್ಶಿ" ಎಂದರು. ಹೀಗೆ ನಮ್ಮೂರಿನ ಪರಂಪರೆ ಉಳಿಸುವ ಸಮಿತಿ ಹುಟ್ಟಿತು. ಅದರಲ್ಲಿ ಮೂರನೆಯ ಸದಸ್ಯ ಇರಲಿಲ್ಲ.

ಸಮಿತಿಯಾದ ಮೇಲೆ ಅಧ್ಯಯನ ಪ್ರವಾಸ ಆಗಲೇಬೇಕಲ್ಲ. ಉಳಿಸಿದ ಕಟ್ಟಡಗಳನ್ನು ನೋಡಿ ಬರೋಣವೆಂದು ಸಂಜೀವಣ್ಣನವರ ಕಾರಿನಲ್ಲಿ ಹೊರಟೆವು. ಬ್ರಹ್ಮಾವರದ ಬದಿಯ ಒಂದು ಊರಿನಲ್ಲಿ ದಾರಿಹೋಕರಿಗೆಂದು ಕಟ್ಟಿದ ಹಳೆಯ ಕಲ್ಲುಮಂಟಪವಿತ್ತು. ಅದನ್ನು ಉಳಿಸಲೆಂದು ಸುತ್ತ ಕಬ್ಬಿಣದ ಬೇಲಿ ಹಾಕಿ, ಗೇಟಿಗೆ ಬೀಗ ಹಾಕಿದ್ದರು. ಕೀಲಿ ಇಟ್ಟುಕೊಂಡವರು ಮಗಳ ಮನೆಗೆ ಹೋಗಿದ್ದರು. ಒಳಗೆ ಒಂದು ಆಡು ಮರಿ ಹಾಕಿಕೊಂಡು ಸುಖವಾಗಿತ್ತು, ಅದು ಒಳಗೆ ಹೋದದ್ದು ಹೇಗೆಂದು ಊರವರಿಗೂ ಗೊತ್ತಿರಲಿಲ್ಲ. ಬೈಂದೂರಿನ ಕಡೆ ಒಂದು ಹಳೆಯ ಬಂಗಲೆಯ ಮುರಕಲ್ಲಿನ ಗೋಡೆಗೆ, ಉಳಿಯಲಿ ಎಂದು, ಮೂಸಂಬಿ ಬಣ್ಣದ ಆಯಿಲ್ ಪೇಂಟ್ ಬಳಿದಿದ್ದರು. ಆ ಬಂಗಲೆ ಹುಟ್ಟುಹಬ್ಬದ ಕೇಕಿನ ಹಾಗೆ ಕಾಣುತ್ತಿತ್ತು. ಕುಂದಾಪುರ ಪೇಟೆಯಲ್ಲಿ ಒಂದು ಸಂರಕ್ಷಿತ ಮನೆಯಿದೆ ಎಂದು ಯಾರೋ ಹೇಳಿದ್ದರು. ಗಲ್ಲಿ ಗಲ್ಲಿ ಸುತ್ತಿ, ಕೊನೆಗೆ ಆ ಜಾಗ ಸಿಕ್ಕಿದಾಗ ಅಲ್ಲಿ ಮೊಬೈಲು ಅಂಗಡಿಗಳ ಮೂರು ಮಹಡಿ ಎದ್ದಿತ್ತು, ಮೇಲೆ ಹೆರಿಟೇಜ್ ಕಾಂಪ್ಲೆಕ್ಸ್ ಎಂದು ಬರೆದಿತ್ತು. ಬುದ್ಧಿಯಿದ್ದವನಾದರೆ ಅಲ್ಲಿಂದಲೇ ವಾಪಸು ಬಂದು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ. ನಾನು ಮಾತ್ರ, ಇವರ್‍ಯಾರೂ ಸರಿಯಾದ ಕನ್ನಡದಲ್ಲಿ ಒಂದು ಫಲಕ ಬರೆಸಿಲ್ಲ, ಅದೇ ತಪ್ಪಾದದ್ದು ಎಂದು ತೀರ್ಮಾನಿಸಿದೆ.

ಫಲಕದ ಒಕ್ಕಣೆಯನ್ನು ನಾನೇ ಬರೆದೆ. ಅದಕ್ಕೆ ನಾನು ಪಟ್ಟ ಪಾಡು ಹೇಳತೀರದು. "ಯಾರೂ ಮುಟ್ಟಬಾರದು" ಎಂದು ಮೊದಲು ಬರೆದೆ, ನಮ್ಮ ದೇಶದಲ್ಲಿ ಆ ಮಾತಿಗೆ ಬೇರೆಯೇ ವಾಸನೆಯಿದೆ ಎಂದು ಹೊಡೆದುಹಾಕಿದೆ. "ಹಾನಿ ಮಾಡಬಾರದು" ಎಂದರೆ ರೈಲ್ವೆ ಸ್ಟೇಷನ್ನಿನ ಹಾಗಾಯಿತು. ಕೊನೆಗೆ ನನ್ನ ವೃತ್ತಿಜೀವನದ ಕನ್ನಡವೆಲ್ಲ ಒಂದೇ ವಾಕ್ಯಕ್ಕೆ ಇಳಿದು ಬಂತು. "ಇದು ಸಂರಕ್ಷಿತ ಕಟ್ಟಡ. ಇದರ ಯಾವ ಭಾಗದ ಮೇಲೂ ಯಾರೂ ಕೈಯಾಡಿಸತಕ್ಕದ್ದಲ್ಲ." ಆ ತಕ್ಕದ್ದಲ್ಲ ಎಂಬಲ್ಲಿ ಒಂದು ಗತ್ತು ಇದೆ ನೋಡಿ, ಅದಕ್ಕೆ ನಾನೇ ಮರುಳಾದೆ. ಸಂಜೀವಣ್ಣನವರು ಅದನ್ನು ತಗಡಿನ ಮೇಲಲ್ಲ, ಕರಿಯ ಗ್ರಾನೈಟಿನಲ್ಲಿ ಕೆತ್ತಿಸಿ, ಅಕ್ಷರಕ್ಕೆ ಚಿನ್ನದ ಬಣ್ಣ ತುಂಬಿಸಿ, ಜಗಲಿಯ ಮುಂದೆ ನಿಲ್ಲಿಸಿದರು. ಹಾರ ಬಿತ್ತು, ತೆಂಗಿನಕಾಯಿ ಒಡೆಯಿತು, ಪತ್ರಿಕೆಯಲ್ಲಿ ಫೋಟೋ ಬಂತು. ಆ ಫೋಟೋದಲ್ಲಿ ನಾನು ಅರ್ಧ ಇದ್ದೇನೆ. ಮಾರನೆಯ ದಿನ ಗುಲಾಬಕ್ಕ ಬುಟ್ಟಿ ಹೊತ್ತುಕೊಂಡೇ ಕಲ್ಲಿನ ಮುಂದೆ ನಿಂತಳು. "ಎಂತ ಬರ್ದದ್ದ್ ಮಾಷ್ಟ್ರೇ?" ಓದಿ ಹೇಳಿದೆ. "ನಾ ಕೈಯಾಡ್ಸುಕೆ ಬಂದದ್ದಲ್ಲ, ಕೂಕಂಬುಕೆ ಬಂದದ್ದ್. ಅದಕ್ಕಾರೂ ಆತ್ತಾ?" ನಾನು ನಕ್ಕು ಬಾ ಬಾ, ಕೂತುಕೋ ಎಂದೆ. ಆದರೆ ಸಂರಕ್ಷಿತ ಜಗಲಿಯ ಮೇಲೆ ಮೀನಿನ ನೀರು ಬೀಳಬಾರದಲ್ಲ ಎಂಬ ಯೋಚನೆ ನನ್ನ ಮುಖದ ಮೇಲೆ ಬಂದು ಹೋಗಿರಬೇಕು. ಅವಳು ಕೂರಲಿಲ್ಲ. ಅಂದಿನಿಂದ ಎದುರಿನ ಅಂಗಡಿಯ ಮಗ್ಗುಲಲ್ಲಿ ನೆಲದ ಮೇಲೇ ಬುಟ್ಟಿ ಇಳಿಸತೊಡಗಿದಳು.

ಇನ್ನು ಶೀನನ ವಿಷಯ. ನಮ್ಮ ಕರಾವಳಿಯಲ್ಲಿ ಹಂಚಿನ ಮಾಡು ಇದ್ದವರು ಮಳೆಗಾಲದ ಮೊದಲು ಒಂದು ಕೆಲಸ ಮಾಡಿಸಲೇಬೇಕು. ಮಾಡು ಹತ್ತಿ, ಹಂಚುಗಳನ್ನೆಲ್ಲ ತೆಗೆದು, ಅಡಿಯ ಕಸ ಗುಡಿಸಿ, ಒಡೆದದ್ದನ್ನು ಬದಲಿಸಿ, ಮತ್ತೆ ಒತ್ತಾಗಿ ಹೊಂದಿಸಬೇಕು. ಇಲ್ಲದಿದ್ದರೆ ಜೂನಿನಲ್ಲಿ ಮನೆಯೊಳಗೇ ಕೊಡೆ ಹಿಡಿಯಬೇಕು. ನಮ್ಮೂರಿನಲ್ಲಿ ಈ ಕೆಲಸಕ್ಕೆ ಇರುವವನು ಶೀನ. ಕಡವಿನ ಕಟ್ಟಡದ ಹಂಚನ್ನೂ ವರ್ಷವರ್ಷ ಅವನೇ ನೋಡಿಕೊಳ್ಳುತ್ತಿದ್ದ. ಮೇ ತಿಂಗಳು ಮುಗಿಯುತ್ತಾ ಬಂದು, ಪಡುವಣದಲ್ಲಿ ಮೋಡ ಕಟ್ಟುತ್ತಿದ್ದರೂ ಅವನ ಸುಳಿವಿಲ್ಲ. ಹೆಮ್ಮಾಡಿಯ ಚಾದಂಗಡಿಯಲ್ಲಿ ಸಿಕ್ಕಿದವನನ್ನು ಹಿಡಿದೆ.

"ಶೀನಾ, ಕಡವಿಗೆ ಯೇಗ್ಳಿಕೆ ಬಪ್ಪುದ್ ಮಾರಾಯ?"

"ನಾ ಬಪ್ಪುದಿಲ್ಲೆ ಮಾಷ್ಟ್ರೇ."

"ಎಂತಕೆ?"

"ಯಾರೂ ಕೈಯಾಡ್ಸುಕಾಗ ಅಂತ ಕಲ್ಲಗೆ ಕೆತ್ಸಿ ಹಾಕಿರಿ ಅಲ್ದಾ?"

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು, ಹೊಳೆದದ್ದೇ ಹಣೆ ಚಚ್ಚಿಕೊಂಡೆ. ಆ ಮಾಡು ಹತ್ತುವ ಕೆಲಸಕ್ಕೆ ನಮ್ಮ ಕಡೆ ಇರುವ ಹೆಸರೇ ಹಂಚು ಕೈಯಾಡಿಸುವುದು! ಹುಟ್ಟಿದಾಗಿನಿಂದ ಆ ಮಾತು ಕೇಳಿಕೊಂಡೇ ಬೆಳೆದವನು ನಾನು. ಹೋದ ವರ್ಷ ನಮ್ಮ ಮನೆಯ ಹಂಚು ಕೈಯಾಡಿಸಿದ ಶೀನನಿಗೆ ಚಾ ತಂದುಕೊಟ್ಟವನೂ ನಾನೇ. ಪೆನ್ನು ಹಿಡಿದ ಕೂಡಲೇ ನನಗೆ ಊರೇ ಮರೆತುಹೋಗುತ್ತದೆ, ನಿಘಂಟು ಮಾತ್ರ ನೆನಪಿರುತ್ತದೆ. "ಅಯ್ಯೋ ಮಾರಾಯ, ಆ ಕೈಯಾಡ್ಸುದ್ ಬೇರೆ, ಇದ್ ಬೇರೆ. ಇದ್ ಸುಮ್ನೆ ಕೈ ಹಾಕುಕಾಗ ಅಂಬುದಕ್ಕೆ ಬರ್ದದ್ದ್" ಎಂದು ಚಾದಂಗಡಿಯಲ್ಲೇ ಒಂದು ವ್ಯಾಕರಣದ ಪಾಠ ಮಾಡಿದೆ. ಶೀನ ಗೋಳಿಬಜೆ ಮುರಿಯುತ್ತಾ ಕೇಳಿಸಿಕೊಂಡ. ಅವನು ಹಿಂದೊಮ್ಮೆ ಯಾರದೋ ಬೇಲಿ ತಕರಾರಿನಲ್ಲಿ ಕುಂದಾಪುರದ ಕೋರ್ಟಿಗೆ ಸಾಕ್ಷಿಗೆ ಹೋಗಿ ಬಂದವನು. ಅಲ್ಲಿಂದ ಮೇಲೆ ಅವನ ಮಟ್ಟಿಗೆ ಬರೆದದ್ದೆಲ್ಲ ಕಾನೂನು. "ಕೈಯಾಡ್ಸುದ್ ಅಂದ್ರೆ ಕೈಯಾಡ್ಸುದೇ ಮಾಷ್ಟ್ರೇ. ನಾಳಿಗೆ ಕೇಸ್ ಆದ್ರೆ ವ್ಯಾಕರಣ ಹೇಳೂಕೆ ನೀವ್ ಬತ್ರ್ಯಾ?" ಎಂದ. ಅಲ್ಲದೆ ಅವನಿಗೀಗ ತಗಡಿನ ಶೀಟು ಹಾಕುವ ಕೆಲಸ ಬೇಕಷ್ಟು ಸಿಗುತ್ತಿತ್ತು, ಹಂಚು ಎಂದರೆ ಅವನ ಸೊಂಟ ಮೊದಲೇ ಅಳುತ್ತಿತ್ತು. ನನ್ನ ಕಲ್ಲು ಅವನಿಗೆ ವರವಾಗಿ ಬಂದಿತ್ತು.

ನನಗೆ ತಡೆಯಲಾರದ ಸಿಟ್ಟು ಬಂದದ್ದು ಇದಕ್ಕೇ. ಇಲ್ಲಿ ಕಸ ಹಾಕಬೇಡಿ ಎಂದು ಬರೆದ ಕಡೆಯೇ ಊರಿನ ಕಸವೆಲ್ಲ ಬೀಳುತ್ತದೆ. ಮೂತ್ರ ಮಾಡಬಾರದು ಎಂದು ಬರೆದ ಗೋಡೆ ಹುಡುಕಿಕೊಂಡು ಜನ ದೂರದಿಂದ ಬರುತ್ತಾರೆ. ಈ ದೇಶದಲ್ಲಿ ಜನ ಚಾಚೂ ತಪ್ಪದೆ ಪಾಲಿಸಿದ ಫಲಕ ಒಂದೇ ಒಂದು, ಅದು ನಾನು ಬರೆದದ್ದು. ಸಂಜೀವಣ್ಣನವರಿಗೆ ಮುಂಬೈಗೆ ಫೋನು ಮಾಡಿ, ಕಲ್ಲಿನ ಮೇಲೆ ಹಂಚನ್ನು ಹೊರತುಪಡಿಸಿ ಎಂದು ಒಂದು ಸಾಲು ಸೇರಿಸೋಣ ಎಂದೆ. ಅವರಿಗೆ ಬೇಸರವಾಯಿತು. "ಉದ್ಘಾಟನೆ ಆಯ್ತಲ್ಲ ಮಾಷ್ಟ್ರೇ. ಪೇಪರಗೆ ಬಂದಿತ್. ಈಗ ತಿದ್ರೆ ನಮ್ಮ ಇಜ್ಜತ್ ಎಂತ ಆಪುದ್? ಚೌತಿಗೆ ಊರಿಗೆ ಬತ್ತೆ, ಆಗ ಮೀಟಿಂಗ್ ಕರೆವ. ಅಲ್ಲಿ ತನ್ಕ ಆ ಕಲ್ಲಿಗೂ ಕೈ ಹಾಕ್ಬೇಡಿ, ಯಾವ ಭಾಗದ ಮೇಲೂ ಅಂತ ನೀವೇ ಬರ್ದದ್ದ್" ಎಂದರು. ಚೌತಿಯವರೆಗೆ ಮಳೆಗೆ ಕಾಯಲು ಹೇಳುವವರು ಯಾರು?

ಕೊನೆಗೆ ನಾನೇ ಏಣಿ ತಂದೆ. "ಮಂಡಿ ನೋವು ಅಂತ ಅಟ್ಟ ಹತ್ತೂಕಾತ್ತಿಲ್ಲೆ ನಿಮ್ಗೆ, ಮಾಡ್ ಹತ್ತೂಕಾತ್ತಾ?" ಎಂದು ಜಲಜಾಕ್ಷಿ ಕೇಳುತ್ತಿದ್ದಂತೆಯೇ ಏಣಿ ಹೆಗಲಿಗೇರಿಸಿ ಹೊರಟೆ. ಪಂಚೆ ಎತ್ತಿ ಕಟ್ಟಿ, ದೇವರ ನಾಮ ಹೇಳುತ್ತಾ ಹತ್ತಿ, ಮಾಡಿನ ಅಂಚಿನಲ್ಲಿ ಒಂದು ಹಂಚನ್ನು ಎತ್ತಿದ್ದೆ ಅಷ್ಟೇ. ಗಂಗೊಳ್ಳಿ ಬಸ್ಸು ಬಂದು ನಿಂತಿತು. ಕಂಡಕ್ಟರು ನನ್ನ ಹಳೆಯ ವಿದ್ಯಾರ್ಥಿ, ಕನ್ನಡದಲ್ಲಿ ಎರಡು ಸಲ ಫೇಲಾದವನು. ಬಾಗಿಲಿನಲ್ಲಿ ಜೋತು ಬಿದ್ದು, "ಹ್ವಾಯ್ ಮಾಷ್ಟ್ರೇ! ಕೈಯಾಡ್ಸುಕಾಗ ಅಂತ ಬರ್ದದ್ದ್ ಓದೂಕ್ ಬತ್ತಿಲ್ಯಾ ನಿಮ್ಗೆ?" ಎಂದು ಕೂಗಿದ. ಬಸ್ಸಿಗೆ ಬಸ್ಸೇ ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕಿತು. ನಾನು ಆ ಕಡೆ ತಿರುಗಿದೆ. ಎತ್ತಿದ ಹಂಚು ಜಾರಿ ಕೆಳಗೆ ಬಿದ್ದು ಚೂರಾಯಿತು. ಅದರ ಜಾಗದಲ್ಲಿ ಒಂದು ಒಳ್ಳೆಯ ತೂತು ಬಿಟ್ಟು ನಾನು ಇಳಿದು ಬಂದೆ.

ಮಳೆ ಆ ತೂತಿನಿಂದಲೇ ಶುರುಮಾಡಿತು. ಮೊದಲು ಮೇಜಿನ ಮೇಲೆ ಒಂದು ಬಾಲ್ದಿ ಇಟ್ಟೆ, ಆಮೇಲೆ ಬೆಂಚಿನ ಮೇಲೊಂದು. ಪತ್ರಿಕೆಗಳು ನೆನೆದು ಮುದ್ದೆಯಾದವು, ಮಲಗುವವರು ಬಿಟ್ಟರು, ನಾನು ಬಿಡಲಿಲ್ಲ. ಕೊಡೆ ಬಿಚ್ಚಿಕೊಂಡು ಕಂಬಕ್ಕೆ ಒರಗಿ ಕೂತು ಮೇಲೆ ನೋಡುತ್ತಿದ್ದೆ. ಹಂಚಿನಡಿಯ ಮರದ ರೀಪುಗಳು ಕಪ್ಪಾದವು, ತೊಲೆ ನಡುವಿನಲ್ಲಿ ಬಾಗಿತು, ಗೋಡೆಯಲ್ಲಿ ನೀರು ಇಳಿದು ಹಸಿರು ಪಾಚಿ ಬಂತು. ಕಣ್ಣೆದುರು ಒಂದು ಜೀವ ಹೋಗುತ್ತಿದೆ, ಔಷಧಿ ಗೊತ್ತಿದೆ, ಕೊಡಬಾರದೆಂದು ನಾನೇ ಬರೆದಿಟ್ಟಿದ್ದೇನೆ. ನನಗೆ ಊಟ ಸೇರುತ್ತಿರಲಿಲ್ಲ. ಆಷಾಢದ ಒಂದು ಬೆಳಿಗ್ಗೆ ನಾನು ಕೊಡೆ ಹಿಡಿದು ಹೊರಡುತ್ತಿದ್ದಾಗ ಗುಲಾಬಕ್ಕ ಗೇಟಿನ ಹತ್ತಿರ ನಿಂತಿದ್ದಳು. ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಅವಳ ಬುಟ್ಟಿಯಲ್ಲಿ ಒಣಮೀನು ಮಾತ್ರ ಇತ್ತು. "ಮಾಷ್ಟ್ರೇ, ನಮ್ಮನ್ನ್ ಕೂಕಂಬುಕೆ ಬಿಡ್ಲಿಲ್ಲ. ಈಗ ಕಾಣಿ, ಕಟ್ಟಡವೇ ಕೂತ್ಕಂತ್" ಎಂದಳು. ತಮಾಷೆ ಮಾಡುವ ದನಿಯಲ್ಲಿ ಶುರು ಮಾಡಿದವಳು ಮಾತು ಮುಗಿಸುವ ಹೊತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾ ಮದಿ ಆಯಿ ಬಂದ್ ದೋಣಿ ಇಳ್ದ್ ಮೊದ್ಲ್ ಕೂತದ್ದ್ ಅಲ್ಲೇ ಅಲ್ದಾ" ಎಂದು ಮದುಮಗಳಾಗಿ ಬಂದ ದಿನವನ್ನು ನೆನೆದಳು.

ಹೋಗಿ ನೋಡಿದೆ. ಮಾಡು ಪೂರ್ತಿ ಒಳಗೆ ಕುಸಿದಿತ್ತು. ಗೋಡೆಗಳು ಎದೆಯೆತ್ತರಕ್ಕೆ ನಿಂತಿದ್ದವು. ನನ್ನ ಕಂಬ ಹೊಳೆಯ ಕಡೆಗೆ ಅಡ್ಡ ಬಿದ್ದು ಮಳೆ ಹೊಡೆಸಿಕೊಳ್ಳುತ್ತಿತ್ತು. ಯಾರಿಗೂ ಏನೂ ಆಗಿರಲಿಲ್ಲ ಎನ್ನುವುದೊಂದೇ ಪುಣ್ಯ. ನಾನು ಅಲ್ಲೇ ನಿಂತು ಅತ್ತೆ. ಮಳೆಯಲ್ಲವೇ, ಯಾರಿಗೂ ತಿಳಿಯಲಿಲ್ಲ. ತಿಳಿದಿದ್ದರೂ ನನಗೆ ನಾಚಿಕೆಯೇನೂ ಆಗುತ್ತಿರಲಿಲ್ಲ. ಅಷ್ಟೂ ಅವಶೇಷದ ಮುಂದೆ ಗ್ರಾನೈಟು ಕಲ್ಲು ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಚಿನ್ನದ ಬಣ್ಣ ಒಂದಕ್ಷರದಲ್ಲೂ ಹೋಗಿರಲಿಲ್ಲ.

ಚೌತಿಗೆ ಬಂದ ಸಂಜೀವಣ್ಣನವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಹೋಯ್ಲಿ ಬಿಡಿ ಮಾಷ್ಟ್ರೇ, ನಾವ್ ಪ್ರಯತ್ನ ಮಾಡಿತ್" ಎಂದರು. ದೀಪಾವಳಿ ಕಳೆಯುವುದರೊಳಗೆ ಅಲ್ಲಿ ಅವರ ತಂದೆಯವರ ಸ್ಮರಣಾರ್ಥ ಕಾಂಕ್ರೀಟಿನ ಬಸ್ಸು ನಿಲ್ದಾಣ ಎದ್ದಿತು. ಬುಲ್ಡೋಜರಿನವನು ಉಳಿದ ಗೋಡೆಗಳನ್ನೆಲ್ಲ ಒಂದೇ ಬೆಳಿಗ್ಗೆ ಬಳಿದು ಹಾಕಿದ, ಕಲ್ಲನ್ನು ಮಾತ್ರ ಓದಿ ನೋಡಿ ಮುಟ್ಟಲಿಲ್ಲ. ಅದನ್ನು ಹಾಗೇ ಬಿಟ್ಟು ಅದರ ಸುತ್ತಲೇ ನಿಲ್ದಾಣ ಕಟ್ಟಿದ್ದಾರೆ. ಈಗ ಸಿಮೆಂಟಿನ ಬೆಂಚಿನ ಪಕ್ಕದಲ್ಲಿ, ಒಂದೇ ಒಂದು ಹಂಚಿಲ್ಲದ ತಾರಸಿಯ ಕೆಳಗೆ, ಯಾರೂ ಕೈಯಾಡಿಸತಕ್ಕದ್ದಲ್ಲ ಎಂದು ನನ್ನ ವಾಕ್ಯ ನಿಂತಿದೆ. ಗುಲಾಬಕ್ಕ ಅದರ ಮೇಲೆ ತನ್ನ ಸಿಂಬೆ ಒಣಹಾಕುತ್ತಾಳೆ. ನಾನು ಬೆಂಚಿನ ಮೇಲೆ ಹೋಗಿ ಕೂತರೆ ಹೋಗುವ ಬರುವ ಬಸ್ಸೆಲ್ಲ ನನಗಾಗಿ ನಿಲ್ಲುತ್ತದೆ. "ಬತ್ರ್ಯಾ ಮಾಷ್ಟ್ರೇ?" ಎಂದು ಕೇಳುತ್ತಾರೆ, ಇಲ್ಲವೆಂದರೆ ಬೈದುಕೊಂಡು ಹೋಗುತ್ತಾರೆ. ಹೀಗಾಗಿ ಅಲ್ಲೂ ಕೂರಲಾರದೆ ನಾನು ಮನೆಯಲ್ಲೇ ಕೂರುತ್ತೇನೆ, ಕುರ್ಚಿಯ ಕೆಳಗೆ ಗುಡಿಸುವಾಗ ಕಾಲು ಎತ್ತುತ್ತೇನೆ. ಈ ವರ್ಷ ನಮ್ಮ ಮನೆಯ ಹಂಚಿಗೆ ಜಲಜಾಕ್ಷಿ ಫೆಬ್ರವರಿಯಲ್ಲೇ ಶೀನನಿಗೆ ಹೇಳಿಟ್ಟಿದ್ದಾಳೆ. "ನೀವ್ ಮಾತ್ರ ಎಂತದೂ ಬರೂಕೆ ಹೋಯ್ಬೇಡಿ" ಎಂದು ನನಗೂ ಹೇಳಿಟ್ಟಿದ್ದಾಳೆ.

ಮೊನ್ನೆ ಕುಂದಾಪುರದಿಂದ ಬರುವಾಗ ಬಸ್ಸಿನಲ್ಲಿ ಹೊಸ ಕಂಡಕ್ಟರು. ಕಡವಿಗೆ ಒಂದು ಕೊಡಿ ಎಂದೆ. ಅವನಿಗೆ ತಿಳಿಯಲಿಲ್ಲ. ಕಡವು, ಹೊಳೆ ಬದಿ, ವಾಚನಾಲಯ ಎಂದೆ. ಅಂಥ ಸ್ಟಾಪೇ ಇಲ್ಲ ಎಂದ. ಹಿಂದಿನ ಸೀಟಿನ ಹೆಂಗಸು, "ಅದೇ ಮಾರಾಯ, ಕೈಯಾಡ್ಸ್‌ಬೇಡಿ ಸ್ಟಾಪ್ ಅಂಬ್ರಲೆ, ಅಲ್ಲಿಗೆ" ಎಂದಳು. ಕಂಡಕ್ಟರಿನ ಮುಖ ಅರಳಿತು. "ಹಂಗ್ ಹೇಳಿ ಮತ್ತೆ. ಎಲ್ಲಿಗೆ?" ಎಂದು ಅವನು ಮತ್ತೆ ಕೇಳಿದ, ನನ್ನ ಬಾಯಿಂದಲೇ ಬರಬೇಕೆನ್ನುವ ಹಾಗೆ. ಬಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಾ, ಒಂದು ಕೈಯಾಡಿಸಬೇಡಿ ಕೊಡಿ ಎಂದೆ.